ಕಷಾಯದ ಮೇಲಿನ ತುಪ್ಪ

ಜೇವರ್ಗಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಸಣ್ಣ ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದಳು. ಅದರಲ್ಲಿ ನನ್ನ ತಮ್ಮನ ರಕ್ತ. ತಳದಲ್ಲಿ ಕೆಂಪು. ಅದರ ಮೇಲೆ ತಿಳಿ ಹಳದಿ ನೀರು ನಿಲ್ಲಬೇಕಾದ ಕಡೆ ಗಟ್ಟಿ ಬಿಳಿ.

"ಯಜಮಾನ್ರ, ರಕ್ತ ಕೊಟ್ಟೀರೋ, ಎಮ್ಮಿ ಹಾಲ ಕೊಟ್ಟೀರೋ?"

ಹೊಟ್ಟೆ ಹಿಡಿದುಕೊಂಡು ಮಲಗಿದ್ದ ತಮ್ಮ ನಗಲು ಹೋಗಿ ನರಳಿದ. ನನಗೆ ನಗು ಬರಲಿಲ್ಲ. ಮನುಷ್ಯನ ಮೈಯಿಂದ ಅಂಥದು ಬರುತ್ತದೆಂದು ಎಪ್ಪತ್ತು ದಾಟಿದ ನನಗೆ ಗೊತ್ತೇ ಇರಲಿಲ್ಲ.

ಅದು ಕೊಬ್ಬು ಎಂದರು ಡಾಕ್ಟರು. ಅದರಿಂದಲೇ ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಬಾತಿದೆ. ಈ ಸಲ ಉಳಿಯುತ್ತಾರೆ, ಇಂಥದು ಇನ್ನೊಮ್ಮೆ ಬಂದರೆ ಹೇಳಲಾಗದು.

"ಹೆಂಗಾಗ್ತದ್ರಿ?" ಎಂದೆ. "ದಿನಾ ಕಷಾಯ ಕುಡೀತಾನ."

ಕುಡಿಸುತ್ತಿದ್ದವನು ನಾನೇ. ಆಳಂದದ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು, ನಿವೃತ್ತನಾಗಿ ಇಜೇರಿಗೆ ತಮ್ಮನ ಮನೆಗೆ ಬಂದ ಮೇಲೂ ಗಡಿಯಾರ ಬಿಟ್ಟಿರಲಿಲ್ಲ. ಅವನ ರಕ್ತದಲ್ಲಿ ಕೊಬ್ಬು ಹೆಚ್ಚಿದೆ ಎಂದು ಹಿಂದೊಮ್ಮೆ ತಿಳಿದಾಗ ಮದ್ದಿನ ಹೊಣೆ ಹೊತ್ತೆ. ಬದುವಿನ ಬೇವಿಗೆ ಹಬ್ಬಿದ ಅಮೃತಬಳ್ಳಿ ಕೊಯ್ದು ತಂದು ಜಜ್ಜುವುದು, ನೇರಳೆ ಬೀಜದ ಪುಡಿ, ಮೆಂತ್ಯ ಹಾಕಿ ಕುದಿಸಿ ಸೋಸುವುದು, ಬೆಳಿಗ್ಗೆ ಸಂಜೆ ಎದುರು ನಿಂತು ಕುಡಿಸುವುದು. ಒಂದು ಹೊತ್ತೂ ತಪ್ಪಿರಲಿಲ್ಲ.

ಮಂಚದ ಪಕ್ಕ ನಿಂತಿದ್ದ ತಮ್ಮನ ಹೆಂಡತಿ ನನ್ನತ್ತ ನೋಡಿದಳು. "ಕಷಾಯದ ಹೊತ್ತಾತಲ್ರೀ ಭಾವಾರ. ಈಗ ಕೊಡ್ಲೇನ್ರಿ?" ಎಂದು ಚೀಲದಿಂದ ಬಾಟಲಿ ತೆಗೆದಳು. ಅದರ ಹಿಂದೆಯೇ ಒಂದು ಸ್ಟೀಲ್ ಡಬ್ಬಿ.

"ಅದರಾಗ ಏನವ್ವಾ?" ಡಾಕ್ಟರು ಕೇಳಿದರು.

"ತುಪ್ಪರಿ. ಕಷಾಯ ಅಂದ್ರ ಉಷ್ಣ. ಮ್ಯಾಲ ತುಪ್ಪ ಬೀಳಲಿಲ್ಲಂದ್ರ ಕಣ್ಣುರಿ, ಬಾಯಾಗ ಹುಣ್ಣು."

"ಎಷ್ಟು ಕೊಡ್ತೀ?"

ಅಂಗೈಯನ್ನು ಗುಳಿ ಮಾಡಿ ತೋರಿಸಿದಳು. ಎರಡು ಹೊತ್ತೂ ಅಷ್ಟು, ಬೆಲ್ಲದ ಜೊತೆ. ಕಹಿ ಹೆಚ್ಚಾದ ದಿನ ಅದೂ ಹೆಚ್ಚು.

ನಾನು ಕುರ್ಚಿ ಹುಡುಕಿ ಕೂತೆ. ಲೋಟ ಖಾಲಿಯಾದದ್ದು ನೋಡಿ ನಾನು ವಾಕಿಂಗಿಗೆ ಹೊರಡುತ್ತಿದ್ದೆ. ತುಪ್ಪ ಬರುತ್ತಿದ್ದದ್ದು ಆಮೇಲೆ. ಊಟದಲ್ಲಿ ಬೀಳುತ್ತಿದ್ದುದಂತೂ ನನ್ನ ಕಣ್ಣೆದುರೇ. ಶೇಂಗಾ ಹೋಳಿಗೆ ಮುಳುಗುವಷ್ಟು ಹಾಕಿಸಿಕೊಂಡು, "ಕಷಾಯ ಕುಡದೇನಿ, ಎಲ್ಲಾ ಕರಗಿಸ್ತದ" ಎನ್ನುತ್ತಿದ್ದ ತಮ್ಮ. ನಾನು ತಲೆಯಾಡಿಸುತ್ತಿದ್ದೆ. ತುಪ್ಪವನ್ನು ಕೊಬ್ಬು ಎಂದು ನಮ್ಮ ಮನೆಯಲ್ಲಿ ಯಾರೂ ಕರೆದವರಲ್ಲ.

"ಮದ್ದು ಅಂತ ಕುಡದು ಅದರ ಮ್ಯಾಲ ಇಷ್ಟು ತಿಂದ್ರ ಯಾವ ಬಳ್ಳಿ ಏನ್ ಮಾಡ್ತದ್ರಿ?" ಎಂದರು ಡಾಕ್ಟರು. "ಎರಡೂ ಬಂದ್ ಮಾಡ್ರಿ. ನಾ ಹೇಳೂತನಕ ಬಾಯಿಗೆ ಏನೂ ಹಾಕಬ್ಯಾಡ್ರಿ."

ಅವರು ಹೋದ ಮೇಲೆ ಅವಳು ಸೆರಗು ಬಾಯಿಗೊತ್ತಿಕೊಂಡಳು. "ಹಂಗಾದ್ರ ಇವರನ್ನ ನಾನ ಮಲಗಿಸಿದೆನೇನ್ರಿ ಭಾವಾರ?"

ಮಂಚದಿಂದ ತಮ್ಮನೇ ಮಾತಾಡಿದ.

"ಅಳಬ್ಯಾಡ ಬೇ. ಕೊಟ್ಟಾಕಿ ನೀ, ಬಟ್ಟಲಾ ನೆಕ್ಕಿದಾಂವ ನಾ. ಅಣ್ಣಾ, ಆ ಡಬ್ಬಿ ಹೊರಗ ಒಯ್ಯಿ. ಇಲ್ಲಿದ್ರ ನನ್ನ ಕೈ ಸುಮ್ಮನಿರಂಗಿಲ್ಲ. ನನಗ ಇನ್ನೂ ಬದುಕೂದದ."

ಹಾಸ್ಯ ಬಿಟ್ಟು ಅವನು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಸ್ಪತ್ರೆಯ ಹಿತ್ತಿಲಲ್ಲಿ ಡಬ್ಬಿಯ ಮುಚ್ಚಳ ತೆಗೆದೆ. ಬಿಸಿಲಿಗೆ ಪೂರ್ತಿ ಕರಗಿತ್ತು, ಘಮ್ಮೆಂದಿತು. ಹುಟ್ಟಿದಾಗಿನಿಂದ ಒಂದು ಹನಿ ತುಪ್ಪ ಚೆಲ್ಲಿದವನಲ್ಲ ನಾನು. ಯಾರಾದರೂ ನೋಡುತ್ತಾರೇನೋ ಎಂದು ಹಿಂದೆ ತಿರುಗಿದೆ. ಆಮೇಲೆ ಸುರಿದೆ. ನೆಲ ಅದನ್ನು ಬೇಗ ಹೀರಿಕೊಳ್ಳಲಿಲ್ಲ.