ಸುಧಕ್ಕನ ಗಂಟಲಿನ ಕಚಗುಳಿ

ಇಬ್ಬರು ಬೇರೆಬೇರೆಯಾಗಿ ಹೇಳದ ಹೊರತು ಯಾವುದನ್ನೂ ಸುದ್ದಿಯೆಂದು ಬರೆಯಬಾರದು ಎಂದು ಕಲಿತವನು ನಾನು. ವಿಚಿತ್ರ ಅನುಭವಗಳನ್ನು ಯಾರಾದರೂ ಹೇಳಿದರೆ ನಯವಾಗಿ ಕೇಳಿಸಿಕೊಂಡು ಮರೆತುಬಿಡುತ್ತಿದ್ದೆ. ಇದೊಂದನ್ನು ಮರೆಯಲಾಗಿಲ್ಲ.

ಸುಧಕ್ಕ ಧಾರವಾಡದವರು, ಪುಣೆ ಬಳಿಯ ನಿಗಡಿಯಲ್ಲಿ ನಮ್ಮ ಪಕ್ಕದ ಮನೆ. ದೊಡ್ಡ ಕಾಯಿಲೆಯಲ್ಲಿ ಬಹಳ ದಿನ ವೆಂಟಿಲೇಟರ್ ಮೇಲಿದ್ದು ಬದುಕಿಬಂದರು. ಆದರೆ ಶ್ವಾಸನಾಳ ಕಿರಿದಾಗಿಹೋಯಿತು. ಕುತ್ತಿಗೆಗೆ ಹಾಕಿದ ನಳಿಕೆಯಿಂದಲೇ ಉಸಿರು. ಅದಕ್ಕೆ ಬೆರಳು ಅಡ್ಡ ಹಿಡಿದರೆ ಸಣ್ಣ ದನಿಯಲ್ಲಿ ಮಾತು. "ಬಟನ್ ಒತ್ತಿದ್ರ ಮಾತ್ರ ಈ ರೇಡಿಯೋ ಹಾಡ್ತದ ನೋಡ್ರಿ" ಎಂದು ತಾವೇ ನಗುತ್ತಿದ್ದರು.

ಕಾಂಡಕೋಶಗಳಿಂದ ಶ್ವಾಸನಾಳದ ಒಳಪದರ ಬೆಳೆಸುವ ಪುಣೆಯ ಒಂದು ಪ್ರಯೋಗಾಲಯದ ಬಗ್ಗೆ ನಾನು ಆಗ ಬರೆಯುತ್ತಿದ್ದೆ. ಅವರು ಸುಧಕ್ಕನ ಒಪ್ಪಿಗೆ ಪಡೆದು ಗಂಟಲಿನಿಂದ ಒಂದು ಚೂರು ತೆಗೆದುಕೊಂಡಿದ್ದರು. ಚಿಕಿತ್ಸೆಯ ಮಾತು ಇನ್ನೂ ದೂರ ಎಂದು ಮೊದಲೇ ಹೇಳಿದ್ದರು. ತಮ್ಮ ಚೂರಿನಿಂದ ಯಾರಿಗಾದರೂ ಉಪಯೋಗವಾಗಲಿ ಎಂಬುದಷ್ಟೇ ಸುಧಕ್ಕನ ಆಸೆ. ಇನ್ನೊಂದು ಚೂರು ತೆಗೆಯುವುದು ಅಪಾಯವೆಂದು ವೈದ್ಯರು ಎಚ್ಚರಿಸಿದ್ದರು.

ಪದರವೇನೋ ಬೆಳೆಯಿತು. ಆದರೆ ಕಫವನ್ನು ಮೇಲಕ್ಕೆ ತಳ್ಳಬೇಕಾದ ಸೂಕ್ಷ್ಮ ರೋಮಗಳು ಅಲುಗಲೇ ಇಲ್ಲ. ಸಂಜೆ ಅದನ್ನು ಎಸೆಯುವುದಾಗಿ ಒಂದು ಮಧ್ಯಾಹ್ನ ಅಲ್ಲಿನ ಸಂಶೋಧಕಿ ನನಗೆ ಫೋನಿನಲ್ಲಿ ತಿಳಿಸಿದರು. ಸುಧಕ್ಕನಿಗೆ ಹೇಗೆ ಹೇಳುವುದೆಂದು ತೋಚದೆ ಅವರ ಮನೆಗೆ ಹೋದೆ. ಬಾಗಿಲು ತೆರೆದವರೇ ನಳಿಕೆಗೆ ಬೆರಳು ಹಿಡಿದರು.

"ನಳಿಗಿ ಮ್ಯಾಲೆ ಗಂಟಲದಾಗ ಕಚಗುಳಿ ಇಟ್ಟಂಗ ಆಗ್ಲಿಕ್ಕತ್ತದ್ರಿ. ಇಷ್ಟು ದಿನ ಅಲ್ಲಿ ಏನೂ ತಿಳೀತಿದ್ದಿಲ್ಲ. ಲ್ಯಾಬ್‌ನಾಗ ನನ್ನ ಚೂರು ಆಡ್ಲಿಕ್ಕತ್ತದ. ಫೋನ್ ಹಚ್ರಿ ಅವರಿಗೆ."

"ಕೆಮ್ಮು ಬರ್ತಿರಬೇಕು, ಸುಧಕ್ಕಾ."

"ಊರ ಮಂದಿಗೆಲ್ಲಾ ಪ್ರಶ್ನೆ ಕೇಳ್ತೀರಿ. ಇದೊಂದು ಕೇಳಲಿಕ್ಕೆ ನಾಚಿಕಿ ಏನ್ರಿ?"

ಸಂಕೋಚದಿಂದಲೇ ಫೋನ್ ಮಾಡಿ, ಎಸೆಯುವ ಮೊದಲು ಇನ್ನೊಮ್ಮೆ ನೋಡಿ ಎಂದೆ. ಸಂಶೋಧಕಿ ಸೂಕ್ಷ್ಮದರ್ಶಕದ ಬಳಿ ಹೋದರು. ಆಮೇಲೆ ಮರಾಠಿಯಲ್ಲಿ, "ಅಹೋ, ಹಲ್ತಾಯತ್!" ಎಂದು ಕೂಗಿದರು. ರೋಮಗಳು ಅಲುಗುತ್ತಿದ್ದವು.

ಕೆಲವೊಮ್ಮೆ ತಡವಾಗಿ ಶುರುವಾಗುವುದುಂಟು ಎಂದು ಅವರು ವಿವರಿಸಿದರು. ಒಪ್ಪುತ್ತೇನೆ. ಆದರೆ ಎಸೆಯುವ ಸುದ್ದಿ ತಿಳಿಯದ ಸುಧಕ್ಕ ಆ ಹೊತ್ತಿಗೇ ಹಾಗೆ ಹೇಳಿದ್ದು ಯಾಕೆ?

ವರದಿಯಲ್ಲಿ ರೋಮಗಳ ವಿಷಯವನ್ನಷ್ಟೇ ಬರೆದೆ. "ಮೊದಲು ಹೇಳಿದಾಕಿ ನಾನು, ನನ್ನ ಸುದ್ದೀನೇ ಇಲ್ಲಲ್ರಿ!" ಎಂದು ಸುಧಕ್ಕ ಕೆಣಕಿದರು. ಆ ಚೂರಿನಿಂದ ಬೆಳೆದ ಪದರಗಳ ಮೇಲೆ ಪ್ರಯೋಗಾಲಯದ ಕೆಲಸ ಇವತ್ತಿಗೂ ನಡೆದಿದೆ. ಗಂಟಲಲ್ಲಿ ಕಚಗುಳಿಯಾದಾಗ ಸುಧಕ್ಕ ನಮ್ಮಿಬ್ಬರ ಮನೆಗಳ ನಡುವಿನ ಗೋಡೆ ತಟ್ಟುತ್ತಾರೆ. ನಾನು ಏನೂ ಕೇಳದೆ ಪ್ರಯೋಗಾಲಯಕ್ಕೆ ಫೋನ್ ಮಾಡುತ್ತೇನೆ.