ಹೂಂ-ಉಹೂಂ ಅಕ್ಕ

ಅಕ್ಕನಿಗೆ ಮಾತು ಬರಲ್ಲ ಅಂತ ಯಾರಾದರೂ ಅಂದರೆ ಅವರ ಬಾಯಲ್ಲಿ ಹುಳ ಬೀಳಲಿ! ಊರಿನ ದೊಡ್ಡಾಸ್ಪತ್ರೆಯ ಹೃದಯದ ಐಸಿಯುನಲ್ಲಿ ದಿನವಿಡೀ ಮಾತಾಡುವವಳೇ ಅವಳು. ಎದುರಿಗಿರುವವರು ಬಾಯೊಳಗೆ ಉಸಿರಿನ ನಳಿಗೆ ಇಟ್ಟುಕೊಂಡು ಮಲಗಿದವರು, ಪಾಪ, ಅವರೆಲ್ಲಿಂದ ಉತ್ತರ ಕೊಡಬೇಕು? "ನೋವಿದೆಯಾ? ಬಾಯಾರಿಕೆನಾ? ಹೂಂ ಅಂದ್ರೆ ಕಣ್ಣು ಮುಚ್ಚಿ, ಉಹೂಂ ಅಂದ್ರೆ ತಲೆ ಅಲ್ಲಾಡ್ಸಿ." ಹೀಗೆ ಕೇಳಿ ಕೇಳಿಯೇ ಅವಳಿಗೆ ಹೂಂ-ಉಹೂಂ ಅಕ್ಕ ಅಂತ ಹೆಸರು ಬಿದ್ದಿತ್ತು.

ನರ್ಸಾಗಿ ಸೇರಿ, ಕೆಲಸ ಮಾಡುತ್ತಲೇ ಮೇಲೆ ಓದಿ, ನರ್ಸ್ ಪ್ರ್ಯಾಕ್ಟೀಷನರ್, ಅಂದರೆ ನರ್ಸಿಗಿಂತ ಮೇಲೆ ಡಾಕ್ಟರಿಗಿಂತ ಕೆಳಗೆ, ಆದವಳು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಪರೀಕ್ಷೆ ಮಾಡುವುದು, ಬಿಪಿ ಔಷಧಿ ಏರಿಸಿ ಇಳಿಸುವುದು, ನಳಿಗೆ ತೆಗೆಯಬಹುದೋ ಬೇಡವೋ ಅಂತ ದೊಡ್ಡ ಡಾಕ್ಟರ ಜೊತೆ ನಿಂತು ತೀರ್ಮಾನಿಸುವುದು, ಹೊರಗೆ ಕಾಯುವ ಮನೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು, ಎಲ್ಲಾ ಅವಳದೇ. ಆದರೆ ಊಟದ ಹೊತ್ತಿಗೆ? ನರ್ಸುಗಳ ಮೇಜಿಗೆ ಹೋದರೆ, ಮೇಲಿನವರು ಬಂದರು ಅಂತ ನಗು ನಿಂತುಹೋಗುತ್ತಿತ್ತು. ಡಾಕ್ಟರುಗಳು ಬನ್ನಿ ಕೂತ್ಕೊಳ್ಳಿ ಅನ್ನುತ್ತಿದ್ದರು, ಆಮೇಲೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಹಾಗಾಗಿ ಅವಳು ಕಿಟಕಿ ಪಕ್ಕ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದಳು. ಒಂಟಿ ಅಂದರೆ ಒಂಟಿಯೇ, ಅದರಲ್ಲಿ ಮುಚ್ಚುಮರೆ ಏನು ಬಂತು!

ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಇದ್ದೊಬ್ಬ ಮಗಳು ಮದುವೆಯಾಗಿ ಬೇರೆ ಊರಲ್ಲಿದ್ದಳು. ಅವಳ ಫೋನೇ ಅಕ್ಕನ ಜೀವ. ಆ ಮಾತೂ ಈಚೆಗೆ ಬರಬರುತ್ತ ಚುಟುಕಾಗುತ್ತಿತ್ತು. ಎಲ್ಲಿ ಒಂದು ದಿನ ನಿಂತೇ ಹೋಗುತ್ತದೋ ಅಂತ ಅವಳಿಗೆ ಒಳಗೊಳಗೇ ಪುಕಪುಕ.

"ಊಟ ಆಯ್ತಾ?"

"ಹೂಂ."

"ಅಳಿಯಂದಿರು ಚೆನ್ನಾಗಿದ್ದಾರಾ?"

"ಹೂಂ. ಇಡ್ತೀನಮ್ಮ."

ಹೀಗಿರುವಾಗ ಟೈಲರ್ ಒಬ್ಬನಿಗೆ ಹೃದಯದ ಆಪರೇಷನ್ ಆಗಿತ್ತು. ಆಸಾಮಿ ಎಚ್ಚರವಾದಾಗಿನಿಂದ, ನಳಿಗೆ ಬಾಯಲ್ಲಿರುವಾಗಲೇ ಅಕ್ಕನ ಕಡೆ ಬೆರಳು ತೋರಿಸುತ್ತಿದ್ದ. ನೋವಾ? ಉಹೂಂ. ಚಳಿನಾ? ಉಹೂಂ. ಹೆಂಡತೀನ ಕರೀಬೇಕಾ? ಅದಕ್ಕಂತೂ ಜೋರಾಗಿಯೇ ಉಹೂಂ! ಅಕ್ಕ ಕೇಳಿ ಕೇಳಿ ಸೋತುಹೋದಳು. ಮಾರನೆಯ ಬೆಳಿಗ್ಗೆ ಅವಳೇ ನಿಂತು ನಳಿಗೆ ತೆಗೆಸಿದಳು. ಆತ ಕೆಮ್ಮಿ, ಸುಧಾರಿಸಿಕೊಂಡು, ಒಡಕು ದನಿಯಲ್ಲಿ ಮೊದಲು ಹೇಳಿದ್ದೇನು ಗೊತ್ತೇ?

"ಸಿಸ್ಟರ್, ನಿಮ್ಮ ಕೋಟಿನ ಬೆನ್ನಲ್ಲಿ ಹೊಲಿಗೆ ಬಿಚ್ಚಿದೆ. ನಿನ್ನೆಯಿಂದ ನೋಡಿ ನೋಡಿ ಹೊಲಿಯೋಕೆ ಕೈ ಕಡೀತಿದೆ ನಂಗೆ. ಮನೇಲಿ ಹೇಳೋರು ಯಾರೂ ಇಲ್ವಾ?"

ಅಕ್ಕ ಬೆನ್ನ ಹಿಂದೆ ಕೈ ಆಡಿಸಿ ನೋಡಿಕೊಂಡಳು. ಬಿಚ್ಚಿತ್ತು, ಅಂಗೈ ತೂರುವಷ್ಟು.

"ನಾನು ಅಷ್ಟೊಂದು ಕೇಳಿದ್ನಲ್ಲಪ್ಪಾ!"

"ಕೇಳಿದ್ರಿ. ಆದ್ರೆ ನೀವು ಕೇಳಿದ್ದಕ್ಕೆಲ್ಲ ಹೂಂ ಇಲ್ಲ ಉಹೂಂ, ಅಷ್ಟೇ. ನಾನು ಹೇಳಬೇಕಾಗಿದ್ದು ಅದರಲ್ಲಿ ಇರಲೇ ಇಲ್ಲ."

ಅಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು. ನಳಿಗೆ ಇಲ್ಲದ ಮಗಳನ್ನೂ ತಾನು ಹೀಗೇ ಕೇಳುತ್ತಿದ್ದೆನಲ್ಲ ಅನ್ನಿಸಿತು.

ಮಧ್ಯಾಹ್ನ ಡಬ್ಬಿ ಬಿಚ್ಚದೆ, ಅದೇ ಕಿಟಕಿ ಪಕ್ಕ ಕೂತು ಫೋನ್ ಮಾಡಿದಳು.

"ಏನೇನ್ ನಡೀತಿದೆ ಮಗಳೇ ನಿನ್ನ ಕಡೆ? ಹೇಳು."

ಹುಷಾರಾಗಿದ್ದೀಯಾ ಅನ್ನೋದು ಅಕ್ಕನ ನಾಲಿಗೆ ತುದಿಗೇ ಬಂದಿತ್ತು, ಹಲ್ಲು ಕಚ್ಚಿ ನುಂಗಿದಳು. ಕಾದಳು.

"ಅಮ್ಮಾ, ನಾನು ಆ ಮನೆ ಬಿಟ್ಟು ಎರಡು ತಿಂಗಳಾಯ್ತು. ಲೇಡೀಸ್ ಹಾಸ್ಟೆಲಲ್ಲಿದ್ದೀನಿ. ಹೇಳೋಣ ಅಂತಾನೇ ದಿನಾ ಫೋನ್ ತಗೊಳ್ತಿದ್ದೆ. ನೀನು ಅವರು ಚೆನ್ನಾಗಿದ್ದಾರಾ ಅಂತ ಕೇಳ್ತಿದ್ದೆ. ಅವರು ಚೆನ್ನಾಗೇ ಇದ್ದಾರಮ್ಮ."

ಅಯ್ಯೋ ಕಂದಾ! ಅಕ್ಕನ ಕಣ್ಣು ತುಂಬಿ ಕಿಟಕಿಯೇ ಕಾಣದಾಯಿತು. ಯಾಕೆ, ಏನು, ಹೊಡೆದನಾ, ದುಡ್ಡಿದೆಯಾ, ನೂರು ಪ್ರಶ್ನೆ ಒತ್ತರಿಸಿ ಬಂದವು. ಒಂದನ್ನೂ ಕೇಳಲಿಲ್ಲ.

"ಹೂಂ," ಅಂದಳು. ಮಗಳು ಬಿಕ್ಕಿಬಿಕ್ಕಿ ಹೇಳತೊಡಗಿದಳು.

"ಹೂಂ," ಅಂದಳು ಅಕ್ಕ ಮತ್ತೆ.