ಚಿಟ್ಸ್ಕೆಗೆ ಮಾತು ಮರಳಿದ್ದು

ಡಚ್ ನಾಡಿನ ಉತ್ತರದ ಆ ಊರಿನ ಕಾಲುವೆ ಹೆಪ್ಪುಗಟ್ಟಿದಾಗ ಅದರ ಮೇಲೆ ಜನ ಇಳಿಯಬಹುದೋ ಬಾರದೋ ಎಂದು ಹೇಳುವವಳು ಚಿಟ್ಸ್ಕೆ. ಹತ್ತೊಂಬತ್ತು ವರ್ಷಗಳಿಂದ ಊರ ಸ್ಕೇಟಿಂಗ್ ಸಂಘ ಆ ಕೆಲಸವನ್ನು ಅವಳಿಗೇ ಒಪ್ಪಿಸಿತ್ತು. ಬೈರಿಗೆ ಹಿಡಿದು ಹೊರಟು, ಸೇತುವೆಯ ಕೆಳಗೆ, ಜೊಂಡಿನ ಅಂಚಿನಲ್ಲಿ, ತಿರುವುಗಳಲ್ಲಿ ತೂತು ಕೊರೆದು ಮಂಜುಗಡ್ಡೆಯ ದಪ್ಪ ಅಳೆಯುವಳು. ಅವಳಿಗೆ ಒಪ್ಪಿಗೆಯಾಗದಿದ್ದರೆ ಸಂಘದ ಅಧ್ಯಕ್ಷರೇ ಬಂದು ಗೋಗರೆದರೂ ಇಲ್ಲವೆಂದರೆ ಇಲ್ಲ. ಉಳಿದ ದಿನಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಗಂಡ ಡರ್ಕ್ ಬೇಕರಿಯವನು, ಮಿತಭಾಷಿ. ಮನೆಯ ಮಾತಿನ ಪಾಲನ್ನೆಲ್ಲ ಹೆಂಡತಿಗೇ ಬಿಟ್ಟುಕೊಟ್ಟು ಹಾಯಾಗಿದ್ದ.

ಅವಳಿಗೆ ಅರವತ್ತೊಂದು ತುಂಬಿದ ವರ್ಷ, ಫೆಬ್ರವರಿಯ ಒಂದು ಶನಿವಾರ, ಕಾಲುವೆಯ ಮೇಲೆ ಇಡೀ ಊರು ಜಾರುತ್ತಿತ್ತು. ಎಲ್ಲಿಂದಲೋ ಬಂದ ಅಪರಿಚಿತನೊಬ್ಬ ಆಯತಪ್ಪಿ ಬಿದ್ದು, ಜಾರುತ್ತ ಬಂದು ಅವಳ ಕಾಲಿಗೆ ಡಿಕ್ಕಿ ಹೊಡೆದ. ಅವಳು ಅಂಗಾತ ಬಿದ್ದಳು. ತಲೆ ಬಡಿದ ಸದ್ದು ದಂಡೆಯಲ್ಲಿ ನಿಂತವರಿಗೂ ಕೇಳಿಸಿತು. ಎದ್ದು ಕೂತವಳೇ, "ಮಂಜುಗಡ್ಡೆ ಗಟ್ಟಿ ಇದೆ ಅಂತ ನಾನೇ ಹೇಳಿದ್ನಲ್ಲ, ಈಗ ಸಾಬೀತಾಯ್ತು ಬಿಡಿ" ಎಂದು ನಗಿಸಿದಳು. ಸಂಘದ ಕೊಠಡಿಯಲ್ಲಿ ಬಿಸಿ ಬಟಾಣಿ ಸೂಪು ಕುಡಿದಳು.

ಒಂದೂವರೆ ಗಂಟೆ ಕಳೆದಿರಬೇಕು. ಮನೆಯಲ್ಲಿ ಡರ್ಕ್ ನೋಡುತ್ತಾನೆ, ಅವಳು ಬೂಟಿನ ದಾರ ಕಟ್ಟುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಕಟ್ಟುತ್ತಾಳೆ.

"ಎಲ್ಲಿಗೆ ಹೊರಟೆ?"

"ಬಸ್ಸಿಗೆ ಹೊತ್ತಾಯ್ತು."

"ಇವತ್ತು ಶನಿವಾರ ಕಣೆ."

ಅವಳು ಮತ್ತೆ, "ಬಸ್ಸಿಗೆ ಹೊತ್ತಾಯ್ತು" ಎಂದಳು. ನಾಲಗೆ ತೊದಲುತ್ತಿತ್ತು. ಡರ್ಕ್ ಪಕ್ಕದ ಮನೆಯ ಔಕ್ಯೆಯನ್ನು ಕೂಗಿ ಕರೆದ. ಆಕೆ ನಿವೃತ್ತ ನರ್ಸು. ಬಂದು ಚಿಟ್ಸ್ಕೆಯ ಕಣ್ಣುಗಳಿಗೆ ಟಾರ್ಚು ಹಿಡಿದು ನೋಡಿದಳು.

"ಇವಳು ರಕ್ತ ತೆಳುವಾಗೋ ಮಾತ್ರೆ ತಗೊಳ್ತಾಳೆ ಅಲ್ವೇನೋ?"

"ಹೂಂ, ಎದೆಬಡಿತ ಏರುಪೇರು ಅಂತ."

"ಆ ಡಬ್ಬೀನ ಜೇಬಿಗೆ ಹಾಕ್ಕೊ. ನಾನು ಆಂಬುಲೆನ್ಸ್‌ಗೆ ಫೋನ್ ಮಾಡ್ತೀನಿ. ನಿಂತು ನೋಡ್ಬೇಡ ಮಾರಾಯ, ಓಡು!"

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಚಿಟ್ಸ್ಕೆಗೆ ಪ್ರಜ್ಞೆ ಇರಲಿಲ್ಲ. ಡರ್ಕ್‌ನನ್ನು ಚಿಕ್ಕ ಕೋಣೆಯೊಂದರಲ್ಲಿ ಕೂರಿಸಿದರು. ಶಸ್ತ್ರವೈದ್ಯೆ ಮೆರ್ತೆನ್ಸ್ ಬಂದು ಎದುರಿಗೆ ಕುಳಿತರು.

"ಮಿದುಳಿಗೂ ಅದರ ಹೊರಪೊರೆಗೂ ನಡುವೆ ರಕ್ತ ತುಂಬಿಕೊಂಡಿದೆ. ಅದು ಮಿದುಳನ್ನ ಒತ್ತುತ್ತಾ ಇದೆ. ಮಾತ್ರೆಯಿಂದಾಗಿ ರಕ್ತ ನಿಲ್ತಾ ಇಲ್ಲ, ಅದಕ್ಕೆ ಮದ್ದು ಕೊಟ್ಟಿದೀವಿ. ತಲೆಬುರುಡೆ ತೆರೆದು ರಕ್ತ ತೆಗೀಬೇಕು."

"ಆಮೇಲೆ ಸರಿಹೋಗ್ತಾಳಾ?"

"ಸುಳ್ಳು ಹೇಳೋದಿಲ್ಲ. ಈ ಥರದ್ದರಲ್ಲಿ ತುಂಬಾ ಜನ ಉಳಿಯೋದಿಲ್ಲ. ಉಳಿದವರಲ್ಲೂ ಬಹಳ ಜನ ಮೊದಲಿನ ಹಾಗೆ ಆಗೋದಿಲ್ಲ. ಕೆಲವರು ಆಗ್ತಾರೆ. ಇವರ ಪಾಪೆ ಇನ್ನೂ ಬೆಳಕಿಗೆ ಸ್ಪಂದಿಸ್ತಿದೆ, ಬೇಗ ಬಂದಿದೀರಿ. ನಾವು ಪ್ರಯತ್ನ ಮಾಡಬಹುದು ಅಂತೀನಿ. ಅವರಿಗೆ ಏನು ಇಷ್ಟ ಇತ್ತು, ಅದು ನಿಮಗೆ ಗೊತ್ತಿರ್ಬೇಕು."

ಡರ್ಕ್‌ಗೆ ಗೊತ್ತಿತ್ತು. ಅವಳ ತಾಯಿ ಆರು ವರ್ಷ ಹಾಸಿಗೆ ಹಿಡಿದು ಯಾರ ಗುರುತೂ ಇಲ್ಲದೆ ಹೋಗಿದ್ದಳು. ಆ ಶವಸಂಸ್ಕಾರದ ದಿನ ಚಿಟ್ಸ್ಕೆ, "ನನ್ನನ್ನ ಹೀಗೆ ಮಾತ್ರ ಬಿಡಬೇಡ" ಎಂದಿದ್ದಳು. ಅವನು ಹಿಟ್ಟಿನ ಕಲೆಯಿದ್ದ ತನ್ನ ಅಂಗಿಯ ತೋಳನ್ನೇ ನೋಡುತ್ತ ಕೂತ. ಆಮೇಲೆ ತಲೆ ಎತ್ತಿ, "ಮಾಡಿ" ಎಂದ.

ರಕ್ತ ತೆಗೆದ ಮೇಲೂ ಮಿದುಳು ಊದಿಕೊಂಡಿದ್ದರಿಂದ ತಲೆಬುರುಡೆಯ ಎಡಗಡೆಯ ಮೂಳೆಯ ತುಂಡನ್ನು ಕೂಡಲೇ ಮರಳಿ ಕೂರಿಸದೆ ಶೀತದಲ್ಲಿಟ್ಟರು. ಹದಿಮೂರು ದಿನ ಅವಳು ತೀವ್ರ ನಿಗಾ ಘಟಕದಲ್ಲಿ ಮಲಗಿದ್ದಳು. ಡರ್ಕ್ ಬೇಕರಿ ಮುಚ್ಚಿ ದಿನವೂ ಬಂದು ಅವಳ ಪಕ್ಕ ಕೂತ. ಮಾತಾಡುತ್ತಿರಿ ಎಂದು ನರ್ಸು ಹೇಳಿದ್ದಳು. ಏನು ಮಾತಾಡುವುದೆಂದು ತೋಚದೆ, ಬ್ರೆಡ್ಡಿನ ಹಿಟ್ಟು ಹೇಗೆ ಹುದುಗು ಬರಿಸುವುದೆಂದು ಮೊದಲಿನಿಂದ ಕೊನೆಯವರೆಗೆ ವಿವರಿಸಿದ. ನಲವತ್ತು ವರ್ಷದಲ್ಲಿ ಅಷ್ಟು ಮಾತು ಅವನು ಆಡಿದ್ದಿಲ್ಲ.

ಕಣ್ಣು ತೆರೆದಳು, ಆದರೆ ಬಾಯಿಂದ ಮಾತಿಲ್ಲ. ಬಲಗೈ ಅಲುಗಲಿಲ್ಲ. ಪುನಶ್ಚೇತನ ಕೇಂದ್ರಕ್ಕೆ ಹೋದ ಮೇಲೆ ಮಾತು ಮರಳಿ ಕಲಿಸುವ ಲೋತೆ ಎಂಬ ಹುಡುಗಿ ದಿನವೂ ಚಿತ್ರಗಳನ್ನು ತೋರಿಸಿ ಡಚ್ಚಿನಲ್ಲಿ, "ಇದೇನು?" ಎಂದು ಕೇಳುವಳು. ಚಿಟ್ಸ್ಕೆ ಬೆವರುವಳು, ಮುಖ ತಿರುಗಿಸುವಳು. ಒಂದು ಬೆಳಗ್ಗೆ ಪರಿಚಾರಕ ಇಟ್ಟುಹೋದ ಲೋಟವನ್ನು ದೂರ ತಳ್ಳಿ, "ಕಾಫಿ ತಣ್ಣಗಿದೆ" ಎಂದುಬಿಟ್ಟಳು. ಹೇಳಿದ್ದು ಮನೆಮಾತಿನಲ್ಲಿ, ಆ ಉತ್ತರ ಸೀಮೆಯವರಷ್ಟೇ ಆಡುವ ಫ್ರೀಸ್ ಭಾಷೆಯಲ್ಲಿ. ದಕ್ಷಿಣದ ಊರಿನವಳಾದ ಲೋತೆಗೆ ಒಂದಕ್ಷರವೂ ತಿಳಿಯಲಿಲ್ಲ.

"ಏನಂದ್ರು? ಏನಂದ್ರು?"

ಡರ್ಕ್ ಅಳುತ್ತ ನಗುತ್ತ, "ನಿಮ್ಮ ಕಾಫಿ ಸರಿ ಇಲ್ವಂತೆ" ಎಂದ.

ಅಲ್ಲಿಂದ ಲೋತೆ ತಾನೇ ಆ ಭಾಷೆಯ ಪದಗಳನ್ನು ಬರೆದಿಟ್ಟುಕೊಂಡು ಬರತೊಡಗಿದಳು. ಅವಳು ತಪ್ಪು ಉಚ್ಚರಿಸಿದರೆ ಚಿಟ್ಸ್ಕೆ ತಿದ್ದುವಳು. ತಿದ್ದುವ ಹುರುಪಿನಲ್ಲಿ ಇನ್ನೆರಡು ಪದ ಬರುವವು. ಡಚ್ ಬರಲು ಮತ್ತೂ ಎರಡು ತಿಂಗಳು ಹಿಡಿಯಿತು. ಏಪ್ರಿಲ್‌ನಲ್ಲಿ ಒಮ್ಮೆ ಫಿಟ್ಸ್ ಬಂದು ಎಲ್ಲರೂ ಹೆದರಿದರು. ಅದಕ್ಕೊಂದು ಮಾತ್ರೆ ಕಾಯಂ ಆಯಿತು. ಮೇ ಕೊನೆಗೆ ಮೂಳೆ ಮರಳಿ ಕೂರಿಸಿದರು.

ಮನೆಗೆ ಬಂದ ಚಿಟ್ಸ್ಕೆ ಬೇಗ ದಣಿಯುತ್ತಿದ್ದಳು, ಬೇಗ ಸಿಡುಕುತ್ತಿದ್ದಳು. ಬಸ್ಸು ಓಡಿಸುವ ಲೈಸೆನ್ಸು ಹೋಯಿತು. ಜೂನಿನ ಒಂದು ಮಧ್ಯಾಹ್ನ, ಎಡಗೈಯಲ್ಲಿ ಆಲೂಗೆಡ್ಡೆ ಸುಲಿಯಲಾರದೆ ಚಾಕು ಎಸೆದು, ಮಾತು ಹುಡುಕಿ ಹುಡುಕಿ ಕೇಳಿದಳು.

"ಅಮ್ಮನ... ದಿನ. ನಾ ಹೇಳಿದ್ದು. ನೆನಪಿತ್ತಾ ನಿನಗೆ?"

"ಇತ್ತು."

"ಆದ್ರೂ?"

"ಆದ್ರೂ ಮಾಡಿ ಅಂದೆ. ನಿನಗೋಸ್ಕರ ಅಲ್ಲ ಕಣೆ. ನನಗೋಸ್ಕರ."

ಎರಡು ದಿನ ಅವಳು ಅವನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೇಕರಿಯ ಬಾಗಿಲಿಗೆ ಬಂದು ನಿಂತಳು.

"ಇನ್ನೊಂದ್ಸಲ... ನನ್ನ ಕೇಳು."

"ನಿನಗೆ ಎಚ್ಚರ ಎಲ್ಲಿತ್ತು?"

"ಎಬ್ಬಿಸ್ಬೇಕಿತ್ತು, ದಡ್ಡ" ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಲೋತೆ ಅವಳನ್ನು ಒಂದು ಗಾಯನ ಮೇಳಕ್ಕೆ ಸೇರಿಸಿದಳು. ಮಾತು ಕಳೆದುಕೊಂಡವರೇ ಸೇರಿ ಹಾಡುವ ಮೇಳ ಅದು. ಮಾತಾಡಲು ತಡವರಿಸುವವರು ಹಾಡುವಾಗ ತಡವರಿಸದಿರುವುದುಂಟು. ಪ್ರತಿ ಮಂಗಳವಾರ ಡರ್ಕ್ ಅವಳನ್ನು ಕಾರಿನಲ್ಲಿ ಕರೆದೊಯ್ದು ಹೊರಗೆ ಕಾಯುತ್ತಾನೆ. ಕಿಟಕಿ ಇಳಿಸಿಕೊಂಡು ಚೀಸಿನ ತುಂಡು ಮೆಲ್ಲುತ್ತ ಕೂತರೆ ಹನ್ನೆರಡು ಕಂಠಗಳ ನಡುವೆ ಅವಳದು ಬೇರೆಯಾಗಿ ಕೇಳಿಸುತ್ತದೆ. ಶ್ರುತಿ ಒಂದಿಷ್ಟೂ ಸೇರುವುದಿಲ್ಲ. ಆದರೆ ಒಂದು ಪದವನ್ನೂ ಬಿಡುವುದಿಲ್ಲ.